ಹಳೆಯ ಹಾಯಿದೋಣಿಯನ್ನು ಮನೆಮಂದಿಗಾಗಿ ಮತ್ತೆ ನೀರಿಗಿಳಿಸುವುದು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಹದಿಮೂರು-ಹದಿನಾಲ್ಕು ಅಡಿಯ ಪ್ಲೈವುಡ್ ಹಾಯಿದೋಣಿಯ ಬಗ್ಗೆ. ಹಾಯಿ ಕಟ್ಟುವ ಕಂಬ ಅಂದರೆ ಒಂದು ಕೂವೆಮರ, ಎರಡು ಹಾಯಿ, ನಡುವೆ ಮೇಲೆ ಕೆಳಗೆ ಆಡುವ ಒಂದು ಸೆಂಟರ್‌ಬೋರ್ಡ್, ಹಿಂದೆ ಕಳಚಿ ಇಡಬಹುದಾದ ಚುಕ್ಕಾಣಿ. ನಾಲ್ಕು ಜನ ಸೇರಿದರೆ ಎತ್ತಿ ಹಿತ್ತಿಲಿಗೆ ಒಯ್ಯಬಹುದಾದಷ್ಟೇ ಭಾರ. ಇಂಥ ದೋಣಿಗಳು ಹೊಳೆದಂಡೆಯ ತೋಟದ ಶೆಡ್ಡುಗಳಲ್ಲಿ, ಕ್ಲಬ್ಬುಗಳ ಹಿಂದುಗಡೆ ವರ್ಷಗಟ್ಟಲೆ ಬಿದ್ದುಕೊಂಡಿರುವುದುಂಟು. ಅದನ್ನು ತಂದು ಅಪ್ಪ, ಅಮ್ಮ, ಇಬ್ಬರು ಮಕ್ಕಳು ಭಾನುವಾರ ಸಂಜೆ ಹೊಳೆಯಲ್ಲಿ ಓಡಾಡುವ ಹಾಗೆ ಮಾಡುವುದು ಹೇಗೆ ಅಂತ ನೋಡುವ.

ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಎಂಟರ್‌ಪ್ರೈಸ್. ಇಂಗ್ಲೆಂಡಿನ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ ವರ್ಗದ ದೋಣಿ ಅದು. ಉದ್ದ 4.04 ಮೀಟರ್, ಅಗಲ 1.6 ಮೀಟರ್, ಬರಿ ಒಡಲಿನ ತೂಕ 95 ಕೆಜಿಯ ಆಸುಪಾಸು, ಎರಡೂ ಹಾಯಿ ಸೇರಿ 10.5 ಚದರ ಮೀಟರ್. ನೌಕಾ ಎನ್‌ಸಿಸಿಯ ಕೆಡೆಟ್‌ಗಳು ಹಾಯಿ ಕಲಿಯುವುದೂ ಇದೇ ವರ್ಗದ ದೋಣಿಯಲ್ಲಿ. ಅದಕ್ಕಿಂತ ಹಿಂದೆ, 1949ರಲ್ಲಿ ಅವರೇ ರೂಪಿಸಿದ ಜಿಪಿ14 ಇನ್ನೂ ಒಂಬತ್ತು ಇಂಚು ಉದ್ದ, ಸ್ವಲ್ಪ ಭಾರ, ಮನೆಮಂದಿಗೆ ಹೆಚ್ಚು ಹೊಂದುವಂಥದ್ದು. ಎಂಟರ್‌ಪ್ರೈಸಿನಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಆರಾಮ. ಜಿಪಿ14ರಲ್ಲಿ ನಾಲ್ಕು ಜನ ಕೂರಬಹುದು. ಎರಡೂ ಸಿಗುವ ಹಾಗಿದ್ದರೆ ಜಿಪಿ14 ತೆಗೆದುಕೊಳ್ಳಿ, ಯೋಚನೆ ಬೇಡ.

ಇಂಥ ದೋಣಿಯನ್ನು ಹಾಳು ಮಾಡುವುದು ಮಳೆನೀರು. ಸಮುದ್ರದ ನೀರಿನ ಪಾಲು ಅದರಲ್ಲಿ ಕಡಿಮೆ. ಮರ ಕೊಳೆಯಿಸುವ ಶಿಲೀಂಧ್ರಕ್ಕೆ ಮರದೊಳಗೆ ಶೇಕಡಾ 20ಕ್ಕಿಂತ ಹೆಚ್ಚು ತೇವ ಬೇಕು, ಗಾಳಿ ಬೇಕು, ಬೆಚ್ಚಗಿರಬೇಕು. ಉಪ್ಪು ಅದನ್ನು ತಡೆಯುತ್ತದೆ, ಸಿಹಿನೀರು ಬೆಳೆಸುತ್ತದೆ. ಮಂಗಳೂರು-ಉಡುಪಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮೂತಿ ಸ್ವಲ್ಪ ತಗ್ಗಿಸಿ ಇಟ್ಟ ದೋಣಿಗೆ ಟಾರ್ಪಾಲಿನ ಒಂದು ತೂತಿನಿಂದ ಹನಿ ಬಿದ್ದರೂ ಸಾಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ನೀರು ನಿಂತೇ ಇರುತ್ತದೆ. ಹಾಗಾಗಿ ದುರಸ್ತಿಯ ಪ್ರತಿ ಹೆಜ್ಜೆಯಲ್ಲೂ ಕೇಳಬೇಕಾದ್ದು ಒಂದೇ: ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ, ಈ ಜಾಗ ಒಣಗುವುದು ಹೇಗೆ?

ಕೊಳ್ಳುವ ಮೊದಲು ಒಂದು ಗಂಟೆ ಪರೀಕ್ಷೆಗೆ ಇಡಿ. ಒಂದು ಸ್ಕ್ರೂಡ್ರೈವರ್, ಒಂದು ಚೂಪಾದ ದಬ್ಬಣ, ಒಂದು ಟಾರ್ಚು ಸಾಕು. ಸ್ಕ್ರೂಡ್ರೈವರಿನ ಹಿಡಿಯಿಂದ ಒಡಲಿನ ಉದ್ದಕ್ಕೂ ಅಂಗೈ ಅಂತರದಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಕ್ ಅನ್ನುತ್ತದೆ. ಕೊಳೆತದ್ದು, ಪದರ ಬಿಟ್ಟದ್ದು ಡಬ್ ಅನ್ನುತ್ತದೆ. ಟ್ರಾನ್ಸಮ್ ಅನ್ನುವ ಹಿಂದಿನ ಅಡ್ಡ ಹಲಗೆಯ ಕೆಳಗಿನ ಎರಡು ಮೂಲೆಗಳನ್ನು ಮೊದಲು ನೋಡಿ. ಅಲ್ಲಿ ತಳ, ಬದಿ, ಹಿಂದು ಮೂರೂ ಸೇರುತ್ತವೆ, ಪ್ಲೈವುಡ್ಡಿನ ಅಂಚಿನ ಪದರಗಳು ಬಾಯಿ ತೆರೆದುಕೊಂಡಿರುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರಬಹುದು. ದಬ್ಬಣವನ್ನು ಒಳಗಡೆಯಿಂದ, ಮೂಲೆಗೆ ಕೂಡಿಸಿದ ಪಟ್ಟಿಯ ಪಕ್ಕದಲ್ಲೇ ಒತ್ತಿ. ಒಳ್ಳೆಯ ಮರದಲ್ಲಿ ಒಂದೆರಡು ಮಿಲಿಮೀಟರ್ ಇಳಿದು ನಿಲ್ಲುತ್ತದೆ, ಎಳೆದರೆ ಬಿಗಿ ತಿಳಿಯುತ್ತದೆ. ಕೊಳೆತಿದ್ದರೆ ಹಿಡಿಯ ತನಕ ಇಳಿಯುತ್ತದೆ. ಹೊರಗೆ ಬಂದ ಮೊನೆಯಲ್ಲಿ ಕಂದು ಪುಡಿ ಅಂಟಿರುತ್ತದೆ, ಮೂಸಿದರೆ ಅಣಬೆಯ ವಾಸನೆ. ಆಮೇಲೆ ಸೆಂಟರ್‌ಬೋರ್ಡ್ ಪೆಟ್ಟಿಗೆಯ ಬುಡ, ಕೂವೆಮರ ಕೂರುವ ಕಟ್ಟೆ, ಪಕ್ಕದ ಡೆಕ್ಕಿನ ಅಡಿಭಾಗ, ಅಂಚಿನ ಉಜ್ಜುಪಟ್ಟಿಯ ಹಿಂಬದಿ, ಮೂತಿಯ ಒಳಗಿನ ಮೂಲೆ. ದೋಣಿ ಮುಳುಗದಂತೆ ಹಿಡಿಯುವ ಗಾಳಿಟ್ಯಾಂಕಿನ ಮುಚ್ಚಳ ತೆಗೆದಾಗ ಒಳಗಿಂದ ಹಳಸಲು ವಾಸನೆ ಬಂದರೆ ಆ ಟ್ಯಾಂಕನ್ನು ಒಡೆದೇ ನೋಡಬೇಕಾಗುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ.

ಒಡಲು ತಿರುಚಿದೆಯೋ ನೋಡಲು ಎರಡು ನೇರ ರೀಪುಗಳನ್ನು ದೋಣಿಯ ಅಂಚಿನ ಮೇಲೆ ಅಡ್ಡ ಇಡಿ, ಒಂದು ಮುಂದೆ, ಒಂದು ಹಿಂದೆ. ಹಿಂದೆ ನಿಂತು ಒಂದೇ ಕಣ್ಣಲ್ಲಿ ನೋಡಿದರೆ ಎರಡೂ ಸಮಾನಾಂತರ ಇರಬೇಕು. ತಿರುಚಿದ್ದರೆ ಬಿಟ್ಟುಬಿಡಿ. ತಳದ ನಡುಮರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಳೆತಿದ್ದರೂ, ತಳದ ಹಲಗೆಗಳು ಅಗಲಕ್ಕೆ ಪದರ ಬಿಟ್ಟಿದ್ದರೂ ಬಿಟ್ಟುಬಿಡಿ. ಪದರ ಬಿಟ್ಟ ಕಡೆ ಸಿರಿಂಜಿನಲ್ಲಿ ಅಂಟು ತುಂಬಿಸುವವರಿದ್ದಾರೆ. ಅಂಗೈ ಅಗಲದ ಜಾಗಕ್ಕೆ ಅದು ಸರಿ, ಹೊಸದಾಗಿ ಬಿಟ್ಟಿದ್ದರೆ ಮಾತ್ರ. ಹಳೆಯ ಪದರದೊಳಗೆ ಉಪ್ಪು, ಕೆಸರು, ಬೂಸ್ಟು ಸೇರಿಕೊಂಡಿರುತ್ತದೆ, ಅಂಟು ಹಿಡಿಯುವುದಿಲ್ಲ.

ದೋಣಿ ಮನೆಗೆ ಬಂತು. ಈಗ ಕ್ಯಾಲೆಂಡರ್ ತೆಗೆಯಿರಿ. ಮಳೆಗಾಲದ ನಮ್ಮ ಗಾಳಿಯಲ್ಲಿ ಮರ ಶೇಕಡಾ 18-20 ತೇವದಲ್ಲಿ ಕೂತಿರುತ್ತದೆ, ಎಷ್ಟು ದಿನ ನೆರಳಲ್ಲಿ ಇಟ್ಟರೂ ಅದಕ್ಕಿಂತ ಇಳಿಯುವುದಿಲ್ಲ. ಇಪಾಕ್ಸಿ ಅಂಟು (ರೆಸಿನ್, ಹಾರ್ಡ್ನರ್ ಎಂಬ ಎರಡು ದ್ರವ ಕಲಸಿ ಮಾಡುವುದು) ಹಾಕುವಾಗ ಮರದ ತೇವ ಶೇಕಡಾ 12-14ಕ್ಕಿಂತ ಕಡಿಮೆ ಇರಬೇಕು. ನಮ್ಮ ಕರಾವಳಿಯಲ್ಲಿ ಆ ಸ್ಥಿತಿ ಬರುವುದು ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ. ಆದ್ದರಿಂದ ದೀಪಾವಳಿ ಮುಗಿದ ಮೇಲೆ ದೋಣಿ ಬಿಚ್ಚಿ: ಎಲ್ಲ ಲೋಹದ ಸಾಮಾನು, ಉಜ್ಜುಪಟ್ಟಿ, ಸೀಟು, ಟ್ಯಾಂಕಿನ ಮುಚ್ಚಳ. ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಅದು ಗಾಳಿಯಿಂದ ತೇವ ಎಳೆಯುತ್ತಲೇ ಇರುತ್ತದೆ, ಮುಂದೆ ಬಣ್ಣದಡಿ ಗುಳ್ಳೆ ಏಳುತ್ತದೆ. ಒಳಗಿನ ಬಣ್ಣ ಕೆರೆದು, ಮಾಡಿನ ಕೆಳಗೆ ಗಾಳಿಯಾಡುವ ಹಾಗೆ ಆರು ವಾರ ಬಿಡಿ. ಬಿಸಿಲಿಗೆ ನೇರ ಇಡಬೇಡಿ, ಪ್ಲೈವುಡ್ ಸೀಳುತ್ತದೆ. ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಈಗ ದುಬಾರಿಯಲ್ಲ, ಒಂದು ಇರಲಿ.

ಆಮೇಲೆ ಕೊಳೆತದ್ದನ್ನು ಕತ್ತರಿಸುವುದು. ಇಲ್ಲಿ ಕೈ ಹಿಂಜರಿಯಬಾರದು. ಕಣ್ಣಿಗೆ ಕಾಣುವ ಕೊಳೆತದಿಂದ ಐದು ಸೆಂಟಿಮೀಟರ್ ಆಚೆಗೆ, ಗಟ್ಟಿ ಮರದಲ್ಲಿ ಗೆರೆ ಹಾಕಿ ತೆಗೆಯಿರಿ. ಉಳಿದ ಅಂಚಿಗೆ ಬಿಳಿಗಾರ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬ್ರಷ್ಷಿನಿಂದ ಕುಡಿಸಿದರೆ ಉಳಿದ ಶಿಲೀಂಧ್ರ ಸಾಯುತ್ತದೆ. ಅದಾದ ಮೇಲೆ ಮತ್ತೆ ವಾರಗಟ್ಟಲೆ ಒಣಗಿಸಿ, ಮೇಲೆ ಕೂತ ಬಿಳಿ ಹರಳನ್ನು ಒರೆಸಿದ ಮೇಲೆಯೇ ಅಂಟು.

ಹೊಸ ಹಲಗೆಗೆ ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ ತನ್ನಿ. ಆ ಮಾನಕದ ಪ್ರಕಾರ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಐಎಸ್ 303ರ ಪ್ಲೈ ಅಡುಗೆಮನೆಯ ಕಪಾಟಿಗೆ ಸರಿ, ದೋಣಿಗಲ್ಲ. ಮುದ್ರೆ ನೋಡಿದರೆ ಸಾಲದು, ಹಾಳೆಯ ನಾಲ್ಕೂ ಅಂಚು ನೋಡಿ. ನಡುಪದರದಲ್ಲಿ ಖಾಲಿ ಸಂದುಗಳು ಕಂಡರೆ ಅದೇ ಮುಂದೆ ನೀರಿನ ಕಾಲುವೆ. ಒಂದು ತುಂಡನ್ನು ಹಳೆಯ ಪಾತ್ರೆಯಲ್ಲಿ ಹಾಕಿ ಅರ್ಧ ದಿನ ಕುದಿಸಿ, ಒಣಗಿಸಿ, ಉಳಿಯಿಂದ ಸೀಳಿ. ಅಂಟಿನ ಗೆರೆಯಲ್ಲಿ ಬಿಡದೆ ಮರವೇ ಹರಿದರೆ ಮಾಲು ಒಳ್ಳೆಯದು. ಈ ದೋಣಿಗಳಿಗೆ 6 ಮಿಲಿಮೀಟರ್ ದಪ್ಪ ಸಾಕು. ಟ್ರಾನ್ಸಮ್ಮಿನ ಎರಡು ಮೂಲೆ, ತಳದ ಒಂದು ತೇಪೆ ಇಷ್ಟಕ್ಕೆ ಎಂಟಡಿ-ನಾಲ್ಕಡಿಯ ಒಂದೇ ಹಾಳೆ ಬೇಕಾದಷ್ಟಾಯಿತು. ಗಟ್ಟಿ ಮರ ಬೇಕಾದ ಕಡೆ ಸಾಗುವಾನಿ ಅಥವಾ ಹೆಬ್ಬಲಸು. ಹೆಬ್ಬಲಸು ನಮ್ಮ ಕರಾವಳಿಯ ದೋಣಿಗಳಿಗೆ ಹಿಂದಿನಿಂದ ಬಳಸುತ್ತಾ ಬಂದ ಮರ. ಸಾಗುವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮೊದಲು ಅಸಿಟೋನಿನಲ್ಲಿ ಒರೆಸಿ ಆರಿದ ಕೂಡಲೇ ಹಚ್ಚಬೇಕು.

ತೇಪೆಯ ಅಂಚನ್ನು ಓರೆ ಕೀಸಿ ಕೂಡಿಸಬೇಕು. ದಪ್ಪದ ಎಂಟು ಪಟ್ಟು ಉದ್ದದ ಓರೆ: 6 ಮಿಲಿಮೀಟರಿಗೆ 48, ಅಂದರೆ ಐದು ಸೆಂಟಿಮೀಟರ್. ಮರಗೆಲಸದ ಆಚಾರ್ರ ಕೈಯಲ್ಲಿ ಇದು ಸಲೀಸು, ನೀವೇ ಮಾಡುವುದಾದರೂ ಕಷ್ಟವೇನಲ್ಲ. ಹಲಗೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಕ್ಲಾಂಪ್ ಮಾಡಿ, ಕೀಸುಳಿಯ ಅಲಗು ಚೆನ್ನಾಗಿ ಮಸೆದು, ಓರೆಗೆ ಕೀಸುತ್ತಾ ಬನ್ನಿ. ಪ್ಲೈವುಡ್ಡಿನ ಪದರಗಳು ಪಟ್ಟೆಪಟ್ಟೆಯಾಗಿ ತೆರೆದುಕೊಳ್ಳುತ್ತವೆ. ಪಟ್ಟೆಗಳು ನೇರವಾಗಿ, ಒಂದೇ ಅಗಲದಲ್ಲಿ ಓಡಿದರೆ ಓರೆ ಸರಿ ಇದೆ. ಎಲ್ಲಾದರೂ ಪಟ್ಟೆ ಬಾಗಿದರೆ ಅಲ್ಲಿ ಗುಂಡಿ ಅಥವಾ ಉಬ್ಬು ಉಂಟು. ಎರಡೂ ಓರೆಗಳಿಗೆ ಮೊದಲು ಬರಿ ಇಪಾಕ್ಸಿ ಹಚ್ಚಿ ಹತ್ತು ನಿಮಿಷ ಬಿಡಿ, ಮರ ಕುಡಿಯುವಷ್ಟು ಕುಡಿಯಲಿ. ಒಣಗಿದ ಹಾಗೆ ಕಂಡಲ್ಲಿ ಮತ್ತೆ ಹಚ್ಚಿ. ಆಮೇಲೆ ಸಿಲಿಕಾ ಪುಡಿ ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಇಪಾಕ್ಸಿ ಹಚ್ಚಿ ಕೂಡಿಸಿ. ಕ್ಲಾಂಪನ್ನು ಬಿಗಿಯಾಗಿ ತಿರುಗಿಸಬೇಡಿ. ಮರಗೆಲಸದ ಬಿಳಿ ಅಂಟಿಗೆ ಬಿಗಿ ಒತ್ತಡ ಬೇಕು, ಇಪಾಕ್ಸಿಗೆ ಬೇಡ. ಒತ್ತಿದರೆ ಅಂಟೆಲ್ಲ ಹೊರಗೆ ಬಂದು ಕೂಡಿಕೆ ಬರಿದಾಗುತ್ತದೆ. ಅಂಚಿನಲ್ಲಿ ಸಣ್ಣ ಸಾಲಾಗಿ ಅಂಟು ಹೊರಬಂದರೆ ಸಾಕು.

ನಮ್ಮ ಸೆಕೆಗೆ ಸಂಬಂಧಿಸಿದ ಮೂರು ಸಂಗತಿಗಳನ್ನು ಗಮನವಿಟ್ಟು ಕೇಳಿ. ಇಪಾಕ್ಸಿಯ ಡಬ್ಬಿಯ ಮೇಲೆ ಬರೆದ ಸಮಯ ಸಾಮಾನ್ಯವಾಗಿ 25 ಡಿಗ್ರಿಗೆ. ಹತ್ತು ಡಿಗ್ರಿ ಏರಿದರೆ ಆ ಸಮಯ ಅರ್ಧವಾಗುತ್ತದೆ. ಹಾಗಾಗಿ ಒಂದು ಸಲಕ್ಕೆ 100ರಿಂದ 150 ಗ್ರಾಂ ಮಾತ್ರ ಕಲಸಿ, ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡಿ ಗಟ್ಟಿಯಾಗುತ್ತದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಹೆಚ್ಚು ಹಾಕುವುದು ತಪ್ಪು. ಹೆಚ್ಚಾದದ್ದು ಬೆರೆಯದೆ ಉಳಿದು ಅಂಟು ರಬ್ಬರಿನಂತೆ ಮೆತ್ತಗೆ ನಿಲ್ಲುತ್ತದೆ. ಎರಡನೆಯದು, ಬರಿ ಮರಕ್ಕೆ ಬೆಳಿಗ್ಗೆ ಹಚ್ಚಬೇಡಿ. ಹೊತ್ತೇರಿದ ಹಾಗೆ ಮರ ಕಾದು ಒಳಗಿನ ಗಾಳಿ ಹಿಗ್ಗಿ ಸಾವಿರ ಗುಳ್ಳೆ ಏಳುತ್ತದೆ. ಸಂಜೆ ನಾಲ್ಕರ ನಂತರ ನೆರಳಲ್ಲಿ ಹಚ್ಚಿದರೆ ಮರ ತಣಿಯುತ್ತಾ ಅಂಟನ್ನು ಒಳಗೆ ಎಳೆದುಕೊಳ್ಳುತ್ತದೆ. ಆದರೆ ರಾತ್ರಿಯ ಇಬ್ಬನಿ ತಾಗದ ಹಾಗೆ ಮೇಲೊಂದು ಮಾಡು ಇರಬೇಕು. ಮೂರನೆಯದು, ತೇವದ ಗಾಳಿಯಲ್ಲಿ ಗಟ್ಟಿಯಾದ ಇಪಾಕ್ಸಿಯ ಮೇಲೆ ಜಿಡ್ಡಿನ ತೆಳು ಪದರ ಕೂರುತ್ತದೆ. ಅದು ನೀರಿಗೆ ಹೋಗುತ್ತದೆ, ಥಿನ್ನರಿಗೆ ಹೋಗುವುದಿಲ್ಲ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದ ನೀರು ಹಾಕಿ ಉಜ್ಜಿ, ಒರೆಸಿ, ಆಮೇಲೆ ಸ್ಯಾಂಡ್‌ಪೇಪರ್. ಈ ಹೆಜ್ಜೆ ಬಿಟ್ಟರೆ ಮೇಲಿನ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ, ಆಗ ಬೈಗುಳ ಬೀಳುವುದು ಬಣ್ಣದವರಿಗೆ.

ಇಡೀ ಕೆಲಸಕ್ಕೆ ಆರರಿಂದ ಎಂಟು ಕೆಜಿ ಇಪಾಕ್ಸಿ ಹಿಡಿಯುತ್ತದೆ. ತಳದ ನಡುಗೆರೆಗೆ, ಬದಿ-ತಳ ಕೂಡುವ ಗೆರೆಗಳಿಗೆ ಚದರ ಮೀಟರಿಗೆ 200 ಗ್ರಾಂ ತೂಗುವ, ಅಂದರೆ 200 ಜಿಎಸ್‌ಎಮ್ ಗಾಜಿನ ಬಟ್ಟೆಯ ಹತ್ತು ಸೆಂಟಿಮೀಟರ್ ಅಗಲದ ಪಟ್ಟಿ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬಂದೇ ಬರುತ್ತದೆ. ‘ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವವರಿದ್ದಾರಲ್ಲ, ಅವರ ಹತ್ತಿರ ಇಡೀ ದೋಣಿಗೆ ಹೊರಗಿಂದ ಫೈಬರ್ ಹೊದಿಸಿಬಿಟ್ಟರೆ ಆಯಿತಲ್ಲ?’ ಬೇಡ. ಅವರ ಕೆಲಸ ತಮ್ಮ ಜಾಗದಲ್ಲಿ ಬಹಳ ಒಳ್ಳೆಯದು, ಆದರೆ ಅವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅಚ್ಚಿನಲ್ಲಿ ಪೂರ್ತಿ ಫೈಬರಿನ ದೋಣಿ ತೆಗೆಯಲು ಅದು ಸರಿ. ಹಳೆಯ ಮರಕ್ಕೆ ಅದು ಮೇಲೆ ಮೇಲೆ ಅಂಟಿಕೊಳ್ಳುತ್ತದೆ ಅಷ್ಟೆ. ಮರ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಫೈಬರ್ ಹಿಗ್ಗುವುದಿಲ್ಲ. ಎರಡು ಮಳೆಗಾಲದಲ್ಲಿ ನಡುವೆ ಸಂದು ಬೀಳುತ್ತದೆ. ಒಳಗಡೆಯಿಂದ ಹೋದ ಮಳೆನೀರು ಆ ಸಂದಿನಲ್ಲಿ ನಿಂತು, ಹೊರಗೆ ಹೋಗಲು ದಾರಿಯಿಲ್ಲದೆ, ಮರವನ್ನು ಪೂರ್ತಿ ತಿನ್ನುತ್ತದೆ. ಮೇಲೆ ನೋಡಿದರೆ ಹೊಸ ದೋಣಿ, ಒಳಗೆ ಹಿಟ್ಟು. ತೂಕವೂ ಮೂವತ್ತು ನಲವತ್ತು ಕೆಜಿ ಏರಿರುತ್ತದೆ. ಬೇರೆ ಯಾವುದಕ್ಕಾದರೂ ಪಾಲಿಯೆಸ್ಟರ್ ಬಳಸುವುದಾದರೆ ಒಂದು ಎಚ್ಚರ: ಅದನ್ನು ಗಟ್ಟಿಯಾಗಿಸಲು ಹಾಕುವ ಕೋಬಾಲ್ಟ್ ದ್ರವ ಮತ್ತು ಎಂಇಕೆಪಿ ಎರಡನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟಿಸುತ್ತದೆ.

ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಹಚ್ಚಿದ ಮರಕ್ಕೆ ಯಾವ ಅಂಟೂ ಕೂರುವುದಿಲ್ಲ ಎಂಬುದೂ ಗೊತ್ತಿರಲಿ. ನಾಡದೋಣಿಗೆ ಅದು ಶತಮಾನಗಳ ರಕ್ಷಣೆ. ಯಾರಾದರೂ ಪ್ರೀತಿಯಿಂದ ಪ್ಲೈವುಡ್ ದೋಣಿಗೂ ಅದನ್ನೇ ಕುಡಿಸಿದ್ದರೆ, ಆ ಹಲಗೆಯನ್ನು ಅಂಟಿಸುವ ಆಸೆ ಬಿಟ್ಟು ಬದಲಾಯಿಸಿ.

ಈಗ ಸೆಂಟರ್‌ಬೋರ್ಡ್ ಪೆಟ್ಟಿಗೆ. ದೋಣಿಯ ನಡುವೆ ತಳದಲ್ಲಿ ಉದ್ದ ಸೀಳು, ಅದರ ಮೇಲೆ ಎರಡು ಹಲಗೆಯ ಕಿರಿದಾದ ಪೆಟ್ಟಿಗೆ, ಅದರೊಳಗೆ ಬೋರ್ಡ್. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುವ ಬಲವನ್ನೆಲ್ಲ ಈ ಪೆಟ್ಟಿಗೆಯ ಬುಡ ತಡೆಯುತ್ತದೆ. ಹಳೆಯ ದೋಣಿಗಳು ಹೆಚ್ಚಾಗಿ ಸೋರುವುದು ಇಲ್ಲೇ. ಸೋರುವ ಜಾಗ ಹುಡುಕಲು ದೋಣಿಯನ್ನು ನೀರಿಗಿಳಿಸಬೇಕಾಗಿಲ್ಲ. ದೋಣಿಯನ್ನು ಎರಡು ಸ್ಟ್ಯಾಂಡಿನ ಮೇಲೆ ನೇರವಾಗಿ ಇಟ್ಟು, ಬೋರ್ಡ್ ತೆಗೆದು, ಕೆಳಗಿನ ಸೀಳನ್ನು ಒಂದು ರೀಪು, ಸೈಕಲ್ ಟ್ಯೂಬಿನ ಪಟ್ಟಿ ಇಟ್ಟು ಬಿಗಿದು ಮುಚ್ಚಿ. ಬೋಲ್ಟಿನ ತೂತಿಗೆ ಬೆಣೆ ಹಾಕಿ. ಪೆಟ್ಟಿಗೆಯೊಳಗೆ ಮೇಲಿನಿಂದ ನೀರು ಸುರಿಯಿರಿ, ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬೆರೆಸಿ. ದೋಣಿಯ ಒಳಗೆ ಬುಡದ ಗೆರೆಯ ಉದ್ದಕ್ಕೂ ಬಿಳಿ ಟಿಶ್ಯೂ ಹಾಸಿ ಒಂದು ಗಂಟೆ ಬಿಡಿ. ನೀಲಿ ಚುಕ್ಕೆ ಎಲ್ಲಿ ಮೂಡಿತೋ ಅಲ್ಲಿಗೆ ಪೆನ್ಸಿಲ್ ಗುರುತು.

ಸೋರುವಿಕೆ ಒಂದೆರಡು ಚುಕ್ಕೆಯಾದರೆ ಆ ಜಾಗದ ಹಳೆಯ ಪುಟ್ಟಿ ಕೆರೆದು, ಒಣಗಿಸಿ, ಮರದ ಹುಡಿ-ಸಿಲಿಕಾ ಬೆರೆಸಿದ ಇಪಾಕ್ಸಿಯಿಂದ ಮೂಲೆಯನ್ನು ಬೆರಳಿನಷ್ಟು ದಪ್ಪಕ್ಕೆ ದುಂಡಗೆ ತುಂಬಿ, ಮೇಲೆ ಗಾಜಿನ ಪಟ್ಟಿ ಎರಡು ಪದರ. ಇಡೀ ಗೆರೆ ನೀಲಿಯಾದರೆ ಪೆಟ್ಟಿಗೆಯನ್ನು ಕಿತ್ತೇ ಮತ್ತೆ ಕೂರಿಸಬೇಕು. ಅಂಚಿಗೆ ಮೆತ್ತಿದ್ದು ಒಂದು ಋತುವೂ ಬಾರದು. ಬೋರ್ಡ್ ತಿರುಗುವ ಬೋಲ್ಟಿನ ತೂತು ಸವೆದು ಮೊಟ್ಟೆಯಾಕಾರ ಆಗಿರುವುದುಂಟು. ಅದನ್ನು 20 ಮಿಲಿಮೀಟರಿಗೆ ದೊಡ್ಡದು ಮಾಡಿ, ಗಟ್ಟಿ ಇಪಾಕ್ಸಿ ತುಂಬಿ, ಮೂರು ದಿನ ಬಿಟ್ಟು, ನಡುವಿನಲ್ಲಿ ಬೋಲ್ಟಿನ ಅಳತೆಗೆ ಕೊರೆಯಿರಿ. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ಎರಡೂ ಬದಿ ರಬ್ಬರ್ ವಾಷರ್, ಅದರ ಮೇಲೆ ಅಗಲ ಸ್ಟೀಲ್ ವಾಷರ್.

ಸ್ಕ್ರೂಗಳ ಮಾತು ಚಿಕ್ಕದು. ಹಿತ್ತಾಳೆಯ ಸ್ಕ್ರೂ ಉಪ್ಪುನೀರಿನಲ್ಲಿ ಸತುವು ಕಳೆದುಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ತಲೆ ಮಾತ್ರ ಉಳಿದು ಮೋಸ ಮಾಡುತ್ತದೆ. 316 ದರ್ಜೆಯ ಸ್ಟೀಲ್ ಕೇಳಿ ತನ್ನಿ, 304 ಬೇಡ. ಪ್ರತಿ ತೂತನ್ನೂ ಇಪಾಕ್ಸಿಯಿಂದ ತುಂಬಿ ಮತ್ತೆ ಕೊರೆದು ಸ್ಕ್ರೂ ಹಾಕಿ. ಅಲ್ಯೂಮಿನಿಯಮ್ ಕೂವೆಮರಕ್ಕೆ ಸ್ಟೀಲ್ ಸಾಮಾನು ತಾಗುವ ಕಡೆ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಅಥವಾ ಜಿಂಕ್ ಕ್ರೋಮೇಟ್ ಲೇಪ ಇಲ್ಲದಿದ್ದರೆ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಕರಗುತ್ತಾ ಹೋಗುತ್ತದೆ.

ಮನೆಮಂದಿಗೆ ಅಂತ ದೋಣಿ ಮಾಡುವಾಗ ಪಂದ್ಯದ ದೋಣಿಯ ಕೆಲವು ಗುಣಗಳನ್ನು ಬೇಕೆಂದೇ ಬಿಟ್ಟುಕೊಡಬೇಕು. ಅವುಗಳ ಬದಲು ಬೇಕಾದದ್ದು ಎರಡು. ಮೊದಲನೆಯದು ತೇಲುವ ಶಕ್ತಿ. ಮಗುಚಿದರೂ, ಪೂರ್ತಿ ನೀರು ತುಂಬಿದರೂ, ಎಲ್ಲರೂ ಒಳಗೆ ಕೂತಿರುವಾಗ ಒಬ್ಬರು ಬಕೆಟಿನಲ್ಲಿ ನೀರು ಹೊರಗೆ ಚೆಲ್ಲಲು ಸಾಧ್ಯವಾಗಬೇಕು. ಒಂದು ಲೀಟರ್ ಗಾಳಿ ಸರಿಸುಮಾರು ಒಂದು ಕೆಜಿಯನ್ನು ಎತ್ತುತ್ತದೆ. ನಾಲ್ಕು ಜನರಿಗೆ 250ರಿಂದ 300 ಲೀಟರ್ ಗಾಳಿಜಾಗ ಇಟ್ಟುಕೊಳ್ಳಿ, ಮುಂದೆ, ಎರಡು ಬದಿ, ಹಿಂದೆ ಹಂಚಿ. ಎಲ್ಲವನ್ನೂ ಮೂತಿಯಲ್ಲೇ ಇಟ್ಟರೆ ನೀರು ತುಂಬಿದಾಗ ದೋಣಿ ಮೂತಿ ಮೇಲೆತ್ತಿ ಲಂಬವಾಗಿ ನಿಲ್ಲುತ್ತದೆ, ಆಗ ಅದರಿಂದ ಉಪಯೋಗವಿಲ್ಲ. ಟ್ಯಾಂಕಿಗೆ ಥರ್ಮಾಕೋಲ್ ತುಂಬಬೇಡಿ. ಕಾಲ ಕಳೆದಂತೆ ನೀರು ಹೀರಿ ಮರಕ್ಕೆ ಒತ್ತಿಕೊಂಡು ಕೂರುತ್ತದೆ, ಕೊಳೆಯಲು ಇನ್ನೇನು ಬೇಕು. ಅದರ ಬದಲು ಮುಚ್ಚಳ ಬಿಗಿದ ಎರಡು ಲೀಟರಿನ ಖಾಲಿ ಜ್ಯೂಸ್ ಬಾಟಲಿಗಳನ್ನು ಮೀನಿನ ಹಳೆಯ ಬಲೆಯ ಚೀಲದಲ್ಲಿ ಕಟ್ಟಿ ಟ್ಯಾಂಕಿನೊಳಗೆ ಇಡಿ. ಐವತ್ತು ಬಾಟಲಿಗೆ 100 ಲೀಟರ್. ಟ್ಯಾಂಕ್ ಒಡೆದರೂ ಅದು ತೇಲುತ್ತದೆ, ಬೇಸಿಗೆಯಲ್ಲಿ ಹೊರಗೆ ತೆಗೆದು ಟ್ಯಾಂಕ್ ಒಣಗಿಸಲೂ ಬರುತ್ತದೆ.

ಟ್ಯಾಂಕ್ ಸೋರುತ್ತದೆಯೋ ನೋಡಲು ಕೂಡಿಕೆಗಳಿಗೆ ಸಾಬೂನು ನೀರು ಹಚ್ಚಿ, ನೀರು ಬಿಡುವ ತೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಬಾಯಿಯಿಂದ ಊದಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರಬೇಡಿ; ಆ ಒತ್ತಡಕ್ಕೆ ಟ್ಯಾಂಕಿನ ಹಲಗೆಯೇ ಕಿತ್ತು ಬರುತ್ತದೆ.

ಎರಡನೆಯದು ಹಾಯಿ ಕಿರಿದು ಮಾಡುವ ವ್ಯವಸ್ಥೆ. ಎಂಟರ್‌ಪ್ರೈಸಿನ ಪೂರ್ತಿ ಹಾಯಿ ಇಬ್ಬರು ಗಟ್ಟಿ ಯುವಕರಿಗೆ ಹೇಳಿದ್ದು. ದೊಡ್ಡ ಹಾಯಿಯ ಕೆಳಗಿನ ಅಂಚಿನಿಂದ 75 ಸೆಂಟಿಮೀಟರ್ ಮೇಲೆ ಒಂದು ಸಾಲು ರೀಫ್, ಅಂದರೆ ಗಾಳಿ ಜೋರಾದಾಗ ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟುವ ಕಣ್ಣುಗಳನ್ನು ಹಾಕಿಸಿ: ಮುಂದಿನ, ಹಿಂದಿನ ಅಂಚಿನಲ್ಲಿ ಗಟ್ಟಿ ತೇಪೆಯ ಮೇಲೆ ಸ್ಟೀಲ್ ಕಣ್ಣು, ನಡುವೆ ನಾಲ್ಕೈದು ಸಣ್ಣ ಕಣ್ಣು, ಕಟ್ಟಲು ದಾರ. ಇದನ್ನು ಬಂದರಿನ ಆಸುಪಾಸಿನಲ್ಲಿ ಟಾರ್ಪಾಲಿನ್ ಹೊಲಿಯುವವರ ದಪ್ಪ ಮೆಷಿನಿನಲ್ಲಿ ಹೊಲಿಸಬಹುದು, ಆದರೆ ದಾರ ಪಾಲಿಯೆಸ್ಟರಿನದೇ ಆಗಬೇಕು. ಹಳೆಯ ಹಾಯಿಯ ಬಟ್ಟೆಗಿಂತ ಹೊಲಿಗೆ ಮೊದಲು ಸಾಯುತ್ತದೆ, ಬಿಸಿಲಿಗೆ. ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿ. ದಾರ ಕಿತ್ತು ಬಂದರೆ ಎಲ್ಲ ಕೂಡಿಕೆಗಳಿಗೂ ಇನ್ನೊಂದು ಸಾಲು ಹೊಲಿಗೆ ಹಾಕಿಸಿ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಲು ಶುರುವಾದರೆ ಗಾಳಿ ಗಂಟೆಗೆ 18-20 ಕಿಲೋಮೀಟರಿಗೆ ಬಂದಿದೆ ಅಂತ ಅರ್ಥ. ರೀಫ್ ಕಟ್ಟುವ ಹೊತ್ತು ಅದು, ಸಾಧ್ಯವಾದರೆ ದಡದಲ್ಲೇ.

ಕೂವೆಮರವನ್ನು ಎಳೆದು ಹಿಡಿಯುವ ತಂತಿಗಳನ್ನು ಹಳೆಯ ದೋಣಿಯಲ್ಲಿ ನೋಡದೆ ಬದಲಾಯಿಸಿ. 3 ಮಿಲಿಮೀಟರಿನ 316 ಸ್ಟೀಲ್, 19 ಎಳೆಯದು. ಅದು ತುಂಡಾಗುವುದು ನಡುವಿನಲ್ಲಲ್ಲ, ತುದಿಯಲ್ಲಿ ಒತ್ತಿ ಕೂರಿಸಿದ ಕೊಳವೆಯ ಬಾಯಿಯಲ್ಲಿ; ಅಲ್ಲಿ ಒಂದು ಎಳೆ ಕಿತ್ತಿದ್ದರೂ ತಂತಿ ಮುಗಿದ ಹಾಗೆ. ಹಗ್ಗಗಳಲ್ಲಿ ಹಾಯಿ ಏರಿಸುವುದಕ್ಕೆ, ಎಳೆಯುವುದಕ್ಕೆ ಪಾಲಿಯೆಸ್ಟರ್. ಲಂಗರಿಗೆ ನೈಲಾನ್, ಅದು ಹಿಗ್ಗುವುದರಿಂದ ಜಗ್ಗುವಿಕೆಯನ್ನು ತಾಳುತ್ತದೆ. ಮೀನುಗಾರಿಕೆಯ ನೀಲಿ ಪ್ಲಾಸ್ಟಿಕ್ ಹಗ್ಗ ಎಳೆದೊಯ್ಯಲು ಮಾತ್ರ, ಯಾಕೆಂದರೆ ತೇಲುತ್ತದೆ. ನಾಲ್ಕು ಕೆಜಿ ಲಂಗರು, ಮೂರು ಮೀಟರ್ ಸರಪಳಿ, 30 ಮೀಟರ್ ಹಗ್ಗ, ಎರಡು ಹುಟ್ಟು, ದೋಣಿಗೆ ಕಟ್ಟಿದ ಒಂದು ಬಕೆಟ್, ಪ್ರತಿಯೊಬ್ಬರಿಗೂ ಅಳತೆಯ ಲೈಫ್ ಜಾಕೆಟ್. ಮಕ್ಕಳದಕ್ಕೆ ಕಾಲ ಸಂದಿನ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಜಾಕೆಟ್ ಮೇಲೆದ್ದು ಮಗು ಕೆಳಗೆ ಜಾರುತ್ತದೆ. ಕೂವೆಮರದ ಎರಡೂ ತುದಿಯನ್ನು ಫೋಮ್ ಹಾಕಿ ನೀರು ಹೋಗದ ಹಾಗೆ ಮುಚ್ಚಿ, ಆಗ ಮಗುಚಿದ ದೋಣಿ ಪೂರ್ತಿ ತಲೆಕೆಳಗಾಗಲು ಹೊತ್ತು ಹಿಡಿಯುತ್ತದೆ.

ಬಣ್ಣಕ್ಕೆ ಎರಡು ಸಲ ಇಪಾಕ್ಸಿ ಪ್ರೈಮರ್, ಎರಡು ಸಲ, ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್, ತಲಾ ಎರಡು ಲೀಟರಿನ ಲೆಕ್ಕ. ಬಿಳಿ ಅಥವಾ ತಿಳಿ ಬಣ್ಣವೇ ಇರಲಿ. ಕಡುಬಣ್ಣದ ಒಡಲು ನಮ್ಮ ಏಪ್ರಿಲ್ ಬಿಸಿಲಿಗೆ 60 ಡಿಗ್ರಿ ದಾಟಿ ಇಪಾಕ್ಸಿಯನ್ನೇ ಮೆತ್ತಗೆ ಮಾಡುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಕಡಲಿನಿಂದ ಬೀಸುವ ಪಡುಗಾಳಿ ಏಳುವ ಮೊದಲು ಮುಗಿಸಿ. ಆ ಗಾಳಿ ಉಪ್ಪನ್ನೂ ಧೂಳನ್ನೂ ಹೊತ್ತು ತರುತ್ತದೆ. ದೋಣಿಯನ್ನು ಹೊಳೆಯಲ್ಲೇ ಕಟ್ಟಿಡುವ ಆಲೋಚನೆ ಬೇಡ. ಹೊಳೆ ಕಡಲು ಸೇರುವ ಅಳಿವೆಯ ನೀರಿನಲ್ಲಿ ಮರ ಕೊರೆಯುವ ಹುಳು ವಿಪರೀತ, ಬಣ್ಣದಲ್ಲಿ ಒಂದು ಗೀರು ಸಿಕ್ಕಿದರೂ ಒಳಹೊಕ್ಕು ಹಲಗೆಯನ್ನು ಜರಡಿ ಮಾಡುತ್ತದೆ. ಪ್ರತಿ ಸಲ ದಡಕ್ಕೆ ತಂದು, ಸಿಹಿನೀರಿನಲ್ಲಿ ತೊಳೆದು, ಒಳಗಿನ ನೀರು ಪೂರ್ತಿ ಒರೆಸಿ.

ಎಲ್ಲಿ ಓಡಿಸುವುದು? ಸುವರ್ಣಾ ಮತ್ತು ಸೀತಾ ಹೊಳೆಗಳು ಸೇರುವ ಕೋಡಿ ಬೆಂಗ್ರೆಯ ಒಳಗಿನ ಹಿನ್ನೀರು, ಸುಲ್ತಾನ್ ಬತ್ತೇರಿಯಿಂದ ಮೇಲಕ್ಕೆ ಗುರುಪುರ ಹೊಳೆ, ಶಾಂಭವಿ ಹೊಳೆಯ ಒಳಪಾತ್ರ, ಇವೆಲ್ಲ ಒಳ್ಳೆಯ ಜಾಗ. ನವೆಂಬರಿನಿಂದ ಫೆಬ್ರವರಿ ತನಕ ಬೆಳಿಗ್ಗೆ ಮೂಡುಗಾಳಿ, ಹತ್ತು-ಹನ್ನೊಂದಕ್ಕೆ ಬಿದ್ದುಹೋಗುತ್ತದೆ. ಮಧ್ಯಾಹ್ನದ ನಂತರ ಪಡುಗಾಳಿ ಎದ್ದು ಮೂರು-ನಾಲ್ಕರ ಹೊತ್ತಿಗೆ ಜೋರಾಗುತ್ತದೆ. ಹೊಸಬರಿಗೆ ಪಡುಗಾಳಿಯೇ ಕ್ಷೇಮ, ಅದು ಎದ್ದ ಮೇಲಿನ ಮೊದಲ ಎರಡು ಗಂಟೆ. ಕೈತಪ್ಪಿದರೆ ಅದು ದೋಣಿಯನ್ನು ಒಳನಾಡಿನ ದಡಕ್ಕೆ ತಳ್ಳುತ್ತದೆ. ಬೆಳಗಿನ ಮೂಡುಗಾಳಿ ಮೃದುವಾಗಿ ಕಾಣುತ್ತದೆ, ಆದರೆ ತಳ್ಳುವುದು ಕಡಲಿನ ಕಡೆಗೆ. ಅದರ ಜೊತೆಗೆ ಇಳಿತವೂ ಸೇರಿಕೊಂಡರೆ, ಅದರಲ್ಲೂ ಅಮಾವಾಸ್ಯೆ-ಹುಣ್ಣಿಮೆಯ ದಿನ, ದೋಣಿ ಅಳಿವೆಯ ಬಾಯಿಗೆ ಹೋಗುತ್ತದೆ. ಅಲ್ಲಿ ಹೊರಗೆ ಹರಿಯುವ ನೀರು ಒಳಗೆ ಬರುವ ಅಲೆಗೆ ಎದುರಾಗಿ ಮರಳು ದಿಬ್ಬದ ಮೇಲೆ ತೆರೆ ಒಡೆಯುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಅಳಿವೆ ದಾಟುವ ಪ್ರಶ್ನೆಯೇ ಇಲ್ಲ. ಭರತ-ಇಳಿತದ ಸಮಯ ನೋಡಿ, ಭರತ ಏರುತ್ತಿರುವಾಗಲೇ ಹೊರಡಿ. ಮೀನುಗಾರಿಕಾ ಬೋಟುಗಳು ಬಂದು ಹೋಗುವ ದಾರಿಗೆ ಅಡ್ಡ ಹೋಗಬೇಡಿ. ಅವುಗಳಿಗೆ ಆಳದ ದಾರಿ ಒಂದೇ, ನಿಮಗೆ ಹೊಳೆಯೆಲ್ಲ ಉಂಟು. ತುರ್ತಿಗೆ ಕೋಸ್ಟ್ ಗಾರ್ಡಿನ ಸಂಖ್ಯೆ 1554, ಎಲ್ಲರ ಫೋನಿನಲ್ಲೂ ಇರಲಿ.

ಇನ್ನೊಂದು ಅಪಾಯ ತಲೆಯ ಮೇಲಿರುವುದು. ಕುದ್ರುಗಳಿಗೆ, ಅಂದರೆ ಹೊಳೆಯ ನಡುವಿನ ದ್ವೀಪಗಳಿಗೆ, ಹೊಳೆ ದಾಟಿ ಹೋಗುವ ಕರೆಂಟ್ ತಂತಿ. ದೋಣಿಯ ಕೂವೆಮರ ನೀರಿನಿಂದ ಆರೂವರೆ-ಏಳು ಮೀಟರ್ ಎತ್ತರ, ಅದೂ ಅಲ್ಯೂಮಿನಿಯಮ್. ಭರತದಲ್ಲಿ ನೀರು ಏರಿದಾಗ ತಂತಿ ಇನ್ನೂ ಹತ್ತಿರ. ಹೋಗುವ ದಾರಿಯನ್ನು ಮೊದಲು ಹುಟ್ಟು ಹಾಕಿಕೊಂಡು, ಕೂವೆ ಇಳಿಸಿಯೇ ನೋಡಿ ಬನ್ನಿ. ದಡದಲ್ಲಿ ಕೂವೆ ನಿಲ್ಲಿಸಿದ ದೋಣಿಯನ್ನು ತಳ್ಳುವಾಗಲೂ ಒಬ್ಬರು ಮೇಲೆ ನೋಡುತ್ತಿರಬೇಕು.

ಸಣ್ಣ ಎಂಜಿನ್ ಹಾಕಬಹುದೇ ಅಂತ ಕೆಲವರು ಕೇಳಿದ್ದಾರೆ. ಎರಡು ಎಚ್‌ಪಿಯದು ಸಾಕಾಗುತ್ತದೆ, ಹನ್ನೆರಡು-ಹದಿಮೂರು ಕೆಜಿ ಇರುತ್ತದೆ. ಅದನ್ನು ಹೊರಲು ಟ್ರಾನ್ಸಮ್ಮಿನ ಒಳಬದಿಗೆ 18 ಮಿಲಿಮೀಟರ್ ಪ್ಲೈವುಡ್ ಅಂಟಿಸಬೇಕು. ಆದರೆ ಎಂಜಿನ್ ಬಂದ ಕೂಡಲೇ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಅದು ಯಾಂತ್ರಿಕ ದೋಣಿಯಾಗುತ್ತದೆ, ಪರಿಶೀಲನೆ, ನೋಂದಣಿಯ ನಿಯಮ ಬೇರೆಯಾಗುತ್ತದೆ. ಹಾಯಿ ಮಾತ್ರ ಇದ್ದರೂ ನೀರಿಗಿಳಿಸುವ ಮೊದಲು ಬಂದರು ಕಚೇರಿಯಲ್ಲಿ, ಸ್ಥಳೀಯ ಪಂಚಾಯತಿಯಲ್ಲಿ ವಿಚಾರಿಸಿ. ನಮ್ಮ ಅಭಿಪ್ರಾಯ ಕೇಳಿದರೆ, ಎರಡು ಒಳ್ಳೆಯ ಹುಟ್ಟು ಮತ್ತು ಭರತದ ಲೆಕ್ಕ ಇದ್ದವರಿಗೆ ಎಂಜಿನ್ ಬೇಕಾಗುವುದಿಲ್ಲ.

ಕೊನೆಯದಾಗಿ ಮಳೆಗಾಲ. ಮೇ ಹತ್ತರ ಒಳಗೆ ದೋಣಿ ಮೇಲೆ ಬರಬೇಕು. ಆಮೇಲಿನ ಮಧ್ಯಾಹ್ನಗಳಲ್ಲಿ ಸಿಡಿಲು ಮಳೆ ಯಾವಾಗ ಎದ್ದೀತು ಹೇಳಲಾಗದು. ತೊಳೆದು, ಒಣಗಿಸಿ, ಮಾಡಿನ ಕೆಳಗೆ ಕವುಚಿ ಇಡಿ. ನೆಲದಿಂದ ಎರಡಡಿ ಎತ್ತರದ ಸ್ಟ್ಯಾಂಡ್, ಅದರ ಕಾಲುಗಳು ಕಲ್ಲಿನ ಮೇಲೆ; ಮಣ್ಣಿಗೆ ತಾಗಿದ ಕಾಲಿನಿಂದ ಗೆದ್ದಲು ಏರಿ ಬರುತ್ತದೆ. ಟ್ಯಾಂಕಿನ ಎಲ್ಲ ಮುಚ್ಚಳ, ಬಿರಡೆ ತೆಗೆದೇ ಇರಲಿ, ಬಾಟಲಿಯ ಚೀಲಗಳು ಹೊರಗೆ. ಟಾರ್ಪಾಲನ್ನು ಒಡಲಿಗೆ ತಾಗಿಸಿ ಹೊದಿಸಬೇಡಿ, ಅಡಿಯಲ್ಲಿ ಬೆವರುತ್ತದೆ. ಹಗ್ಗ ಕಟ್ಟಿ ಒಂದಡಿ ಮೇಲೆ ಮಾಡಿನ ಹಾಗೆ ಎಳೆಯಿರಿ. ಹಾಯಿಯನ್ನು ಇಲಿ ಮುಟ್ಟದ ಹಾಗೆ ಮನೆಯೊಳಗೆ, ಸುತ್ತಿ, ಅಟ್ಟದಿಂದ ನೇತುಹಾಕಿ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮಳೆ ಬಿಟ್ಟ ಒಂದು ದಿನ ದಬ್ಬಣ ಹಿಡಿದುಕೊಂಡು ಹೋಗಿ ಟ್ರಾನ್ಸಮ್ಮಿನ ಮೂಲೆ, ಪೆಟ್ಟಿಗೆಯ ಬುಡ, ಮೂತಿಯ ಒಳಗು ಒತ್ತಿ ನೋಡಿ. ಮೆತ್ತಗೆ ಕಂಡ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಬನ್ನಿ. ಅದನ್ನು ಕತ್ತರಿಸುವ ಕೆಲಸ ಜನವರಿಗೆ.